ನೂರಕ್ಕೆ ನೂರು ಅಂಕ ಬಂದರೂ ಎಡಗಡೆ ದೋಸೆ ಸೀಯುತ್ತಿತ್ತು

ಮುಂಬಯಿಯ ಒಂದು ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್. ಹೀಗೆಂದರೆ ಡೊಂಬಿವಿಲಿಯ ನಮ್ಮ ಬಿಲ್ಡಿಂಗಿನವರು ಈಗಲೂ "ಅಂದ್ರೆ ಫಿಸಿಯೋನೇ ಅಲ್ವಾ?" ಅನ್ನುತ್ತಾರೆ. ಹೂಂ ಅಂದುಬಿಡುತ್ತೇನೆ. ಲಿಫ್ಟ್ ನಾಲ್ಕನೇ ಮಹಡಿ ಮುಟ್ಟುವುದರೊಳಗೆ ಹೇಳಿ ಮುಗಿಸುವ ಮಾತಲ್ಲ ಅದು. ಫಿಸಿಯೋದವರು ಕೈಕಾಲಿಗೆ ಬಲ, ಚಲನೆ ತರಿಸುತ್ತಾರೆ. ಆ ಕೈಕಾಲಿಟ್ಟುಕೊಂಡು ಸ್ನಾನ, ಊಟ, ಅಡುಗೆ, ದುಡಿಮೆ ಹೇಗೆ ನಡೆಸುವುದು ಅನ್ನುವುದು ನಮ್ಮ ಪಾಲಿನ ಕೆಲಸ. ದೇಶದಲ್ಲಿ ಈ ವಿದ್ಯೆಯ ಮೊದಲ ಶಾಲೆ ಶುರುವಾದದ್ದು ಇದೇ ಊರಲ್ಲಿ, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ, 1950ರಲ್ಲಿ. ಕಟ್ಟಿದವರು ಕಮಲಾ ನಿಂಬ್ಕರ್. 1955ರಲ್ಲಿ ಹಾಜಿ ಅಲಿಯ ಹತ್ತಿರ ಭೌತಿಕ ವೈದ್ಯ ಮತ್ತು ಪುನರ್ವಸತಿಗೆಂದೇ ಅಖಿಲ ಭಾರತ ಸಂಸ್ಥೆಯೂ ಬಂತು.

ವಿಭಾಗಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಒತ್ತಿ ಹೇಳುವುದು ಒಂದೇ ವಿಷಯ. ರೋಗಿಗೆ ಏನು ಮಾಡಲು ಬರುತ್ತದೆ ಅನ್ನುವುದು ಬೇರೆ. ಅವರು ತಮ್ಮ ಜಾಗದಲ್ಲಿ, ತಮ್ಮ ಗಡಿಬಿಡಿಯಲ್ಲಿ ಏನು ಮಾಡುತ್ತಾರೆ ಅನ್ನುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ವೈಕಲ್ಯದ ವರ್ಗೀಕರಣವೂ ಇವೆರಡನ್ನು ಬೇರೆಬೇರೆಯಾಗಿ ಗುರುತಿಸಿ ಎನ್ನುತ್ತದೆ, ಮೊದಲನೆಯದಕ್ಕೆ ಸಾಮರ್ಥ್ಯ, ಎರಡನೆಯದಕ್ಕೆ ನಿರ್ವಹಣೆ ಎಂದು. ಪರೀಕ್ಷೆಯಲ್ಲಿ ಇದನ್ನು ಚೆಂದವಾಗಿ ಬರೆದು ಪಾಸಾದವರು ವಾರ್ಡಿಗೆ ಬಂದ ಮೇಲೆ ಮೊದಲನೆಯದನ್ನಷ್ಟೇ ಅಳೆದು ಫೈಲು ಮುಚ್ಚುತ್ತಾರೆ.

ಮಾಟುಂಗದ ಕಡೆಯ ಒಂದು ಹೋಟೆಲಿನ ದೋಸೆ ಭಟ್ಟರ ವಿಷಯ ಹೇಳುತ್ತೇನೆ. (ಗುರುತು ಹತ್ತದಂತೆ ವಿವರ ಬದಲಿಸಿದ್ದೇನೆ, ಮುಂದಿನವರದ್ದೂ ಹಾಗೇ.) ಕುಂದಾಪುರದ ಕಡೆಯವರು, ಐವತ್ತು ದಾಟಿದವರು, ಹೋಟೆಲಿನ ಮೇಲಿನ ಕೋಣೆಯಲ್ಲೇ ವಾಸ. ಮೆದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದಿತ್ತು. ಅದೃಷ್ಟಕ್ಕೆ ಚೇತರಿಕೆ ಬೇಗ ಆಯಿತು. ಇಂಥವರಲ್ಲಿ ಬರುವ ಸುಧಾರಣೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಬರುವುದು, ಅವರಿಗೂ ಹಾಗೇ ಬಂತು. ನಡೆದರು, ಮೆಟ್ಟಿಲು ಹತ್ತಿದರು, ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಬಾರ್ಥೆಲ್ ಸೂಚ್ಯಂಕ ಎಂಬ ಹಳೆಯ ಅಳತೆಗೋಲೊಂದಿದೆ, 1965ರಿಂದ ಬಳಕೆಯಲ್ಲಿರುವುದು. ಊಟ, ಸ್ನಾನ, ಶೌಚ, ಬಟ್ಟೆ, ನಡಿಗೆ, ಮೆಟ್ಟಿಲು ಹೀಗೆ 10 ಬಾಬತ್ತು, ಒಟ್ಟು 100 ಅಂಕ. ಭಟ್ಟರಿಗೆ ನೂರಕ್ಕೆ ನೂರು. ಗಮನ ಯಾವ ಬದಿಗೆ ತಪ್ಪುತ್ತದೆ ಎಂದು ನೋಡಲು ಕಾಗದದ ಮೇಲಿನ ಗೆರೆಗಳನ್ನೆಲ್ಲ ಹೊಡೆದು ಹಾಕಿಸುವ ಪರೀಕ್ಷೆಯಲ್ಲೂ ಒಂದನ್ನೂ ಬಿಡಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಹೋಟೆಲಿನ ಯಜಮಾನರ ಫೋನು. ಎಡಗಡೆ ಹುಯ್ದ ದೋಸೆ ಸೀಯುತ್ತಿದೆ, ಬಲಗಡೆಯದು ಸರಿಯಾಗೇ ಇದೆ, ಏನು ಮಾಡುವುದು ಅಂತ. ಬೆಳಗಿನ ಎಂಟು ಗಂಟೆಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ನಿಂತೆ. ಉದ್ದನೆಯ ದೋಸೆ ಕಲ್ಲು, ಒಂದು ಸಲಕ್ಕೆ ಎರಡು ಸಾಲು. ಹುಯ್ಯುವಾಗ ಭಟ್ಟರು ಎಡತುದಿಯಿಂದಲೇ ಶುರು ಮಾಡುತ್ತಿದ್ದರು, ಮೂವತ್ತು ವರ್ಷದ ರೂಢಿ. ಆದರೆ ಕೂಗು ಜೋರಾಗಿ "ಎರಡು ಮಸಾಲೆ, ಒಂದು ಸಾದಾ" ಎಂದು ಬರತೊಡಗಿದ್ದೇ ಅವರ ಕಣ್ಣು, ಸಟ್ಟುಗ, ಮೈ ಎಲ್ಲ ಬಲಕ್ಕೆ ಸರಿದುಬಿಡುತ್ತಿತ್ತು. ಎಡತುದಿಯ ದೋಸೆಯಿಂದ ಹೊಗೆ ಎದ್ದರೂ ಅತ್ತ ನೋಟವಿಲ್ಲ.

"ಕಾಣ್ತದೆ ಮೇಡಂ, ಎಲ್ಲ ಕಾಣ್ತದೆ. ಆ ಬದಿಯ ಬರ್ನರೇ ಸರಿ ಇಲ್ಲ" ಅಂದರು.

ಕಾಣುತ್ತದೆ ಅಂದದ್ದು ಸುಳ್ಳಲ್ಲ. ಕಣ್ಣಿಗೆ ಏನೂ ಆಗಿಲ್ಲ. ಮೆದುಳಿನ ಬಲಭಾಗ ಪೆಟ್ಟು ತಿಂದಾಗ ಲೋಕದ ಎಡಭಾಗದ ಮೇಲಿನ ಗಮನವೇ ಹೊರಟುಹೋಗಬಹುದು. ಹೊರಟುಹೋಗಿದೆ ಅನ್ನುವುದೂ ರೋಗಿಗೆ ತಿಳಿಯದೆ ಹೋಗಬಹುದು. ಲಘುವಾಗಿದ್ದರೆ ಶಾಂತವಾದ ಕೋಣೆಯಲ್ಲಿ, ಒಂದೇ ಕೆಲಸ ಕೊಟ್ಟಾಗ, ಅದು ತಲೆ ಎತ್ತುವುದಿಲ್ಲ. ಗದ್ದಲ, ಅವಸರ, ಒಟ್ಟೊಟ್ಟಿಗೆ ಮೂರು ಕೆಲಸ ಬಂದಾಗ ಹೊರಬೀಳುತ್ತದೆ. ಅವರ ಎಡಗೈಯ ಕಿರುಬೆರಳ ಬುಡದಲ್ಲಿ ಒಂದು ಬೊಬ್ಬೆಯೂ ಎದ್ದಿತ್ತು. ಯಾವಾಗ ಸುಟ್ಟಿತೋ ಅವರಿಗೆ ಗೊತ್ತಿಲ್ಲ. ಆ ಕೈಗೆ ಬಲ ಬಂದಿತ್ತು, ಬಿಸಿ ತಿಳಿಯುವ ಸ್ಪರ್ಶ ಪೂರ್ತಿ ಬಂದಿರಲಿಲ್ಲ.

ಎಡಕ್ಕೆ ತಿರುಗಿ ಹುಡುಕುವ ಅಭ್ಯಾಸ ಮಾಡಿಸಿದೆವು. ಕಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ಪ್ರತಿ ಸಲ ಅದು ಕಣ್ಣಿಗೆ ಬೀಳುವವರೆಗೆ ಕತ್ತು ತಿರುಗಿಸಬೇಕು ಅಂತ. ಅದರಿಂದ ಸ್ವಲ್ಪ ಉಪಯೋಗವಾಯಿತು. ಹೆಚ್ಚು ಉಪಯೋಗವಾದದ್ದು ಅವರು ನಿಲ್ಲುವ ಜಾಗ ಬದಲಿಸಿದ್ದರಿಂದ. ಕಲ್ಲಿನ ನಡುವೆ ನಿಲ್ಲುತ್ತಿದ್ದವರನ್ನು ಎಡತುದಿಗೆ, ಗೋಡೆಗೆ ಒತ್ತಿ ನಿಲ್ಲಿಸಿದೆವು. ಇಡೀ ಕಲ್ಲು ಅವರ ಬಲಕ್ಕೆ ಬಂತು. ಹಿಟ್ಟಿನ ಪಾತ್ರೆಯೂ ಬಲಕ್ಕೆ. ಆದರೆ ತಟ್ಟೆ ಹೊರಗೆ ಕೊಡುವ ಕಿಟಕಿ ಅವರ ಹಿಂದೆ ಬಿತ್ತು, ಅದಕ್ಕೊಬ್ಬ ಹುಡುಗನನ್ನು ಇಡಬೇಕಾಯಿತು. ಯಜಮಾನರು ಒಪ್ಪಿದರು, ಜೊತೆಗೆ ಸಂಬಳವನ್ನೂ ಇಳಿಸಿದರು. ಬೆಳಗಿನ ರಶ್ಶಿಗೆ ಬೇರೆಯವರು, ಹನ್ನೊಂದರ ಮೇಲೆ ಭಟ್ಟರು. ಅವರಿಗೆ ಅದು ಇವತ್ತಿಗೂ ಬೇಸರ. ನನಗೂ ಪೂರ್ತಿ ಸಮಾಧಾನವಿಲ್ಲ, ಆದರೆ ಕೆಲಸ ಹೋಗಿದ್ದರೆ ಕೋಣೆಯೂ ಹೋಗುತ್ತಿತ್ತು.

ಪಠ್ಯದ ಮಾತು ಇಲ್ಲಿ ತಂದರೆ ಸುಲಭವಾಗಿ ಹೊಂದುತ್ತದೆ. 1980ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಮೂರು ಮೆಟ್ಟಿಲು: ದೇಹದಲ್ಲಿ ಊನ, ಅದರಿಂದ ಅಸಾಮರ್ಥ್ಯ, ಅದರಿಂದ ಸಮಾಜದಲ್ಲಿ ಹಿನ್ನಡೆ. ಒಂದರಿಂದ ಇನ್ನೊಂದಕ್ಕೆ ನೇರ ಬಾಣ. 2001ರಲ್ಲಿ ಬಂದ ಅದೇ ಸಂಸ್ಥೆಯ ಹೊಸ ವರ್ಗೀಕರಣ, ಐಸಿಎಫ್, ಈ ನೇರ ಬಾಣವನ್ನು ಕಿತ್ತುಹಾಕಿತು. ದೇಹದ ಕಾರ್ಯ ಮತ್ತು ರಚನೆ, ಚಟುವಟಿಕೆ, ಪಾಲ್ಗೊಳ್ಳುವಿಕೆ ಮೂರೂ ಒಂದಕ್ಕೊಂದು ತಾಗಿಕೊಂಡಿವೆ, ಸುತ್ತಲಿನ ಪರಿಸರ ಮತ್ತು ವ್ಯಕ್ತಿಯ ಸ್ವಂತ ಹಿನ್ನೆಲೆ ಎರಡೂ ಎಲ್ಲವನ್ನೂ ಎಳೆಯುತ್ತಿರುತ್ತವೆ ಎಂದಿತು. ಭಟ್ಟರ ಗಮನದ ಕೊರತೆ ದೇಹದ ಬಾಬತ್ತು, ದೋಸೆ ಹುಯ್ಯುವುದು ಚಟುವಟಿಕೆ, ನೌಕರಿ ಪಾಲ್ಗೊಳ್ಳುವಿಕೆ. ಗೋಡೆ, ಕಿಟಕಿ, ಯಜಮಾನರ ಮನಸ್ಸು ಇವೆಲ್ಲ ಪರಿಸರ. ಮೂವತ್ತು ವರ್ಷದ ಕೈಪಳಗಿಕೆ ಅವರ ಸ್ವಂತದ್ದು. ನಾವು ಮೆದುಳನ್ನು ಮುಟ್ಟಲಿಲ್ಲ, ಮುಟ್ಟಿದ್ದು ನಿಲ್ಲುವ ಜಾಗವನ್ನು.

ಇಷ್ಟು ಕೇಳಿದ ಕೂಡಲೇ ಉತ್ಸಾಹಿ ವಿದ್ಯಾರ್ಥಿಗಳು ಇನ್ನೊಂದು ತುದಿಗೆ ಹಾರುತ್ತಾರೆ: ಹಾಗಾದರೆ ತೊಂದರೆ ದೇಹದ್ದಲ್ಲ, ಸಮಾಜದ್ದೇ! ಬ್ರಿಟನ್ನಿನಲ್ಲಿ ಅಂಗವಿಕಲರೇ ಕಟ್ಟಿಕೊಂಡ ಒಂದು ಒಕ್ಕೂಟ 1976ರಲ್ಲಿ ಆಡಿದ ಮಾತೇ ಇದು. ಊನ ನಮ್ಮ ದೇಹದಲ್ಲಿರಬಹುದು, ಆದರೆ ನಮ್ಮನ್ನು ವಿಕಲರನ್ನಾಗಿ ಮಾಡುವುದು ಸಮಾಜ ಎಂದು. ಅಲ್ಲಿನ ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್ 1983ರಲ್ಲಿ ಇದಕ್ಕೆ ಸಾಮಾಜಿಕ ಮಾದರಿ ಎಂಬ ಹೆಸರು ಕೊಟ್ಟರು. ಈ ಮಾತಿಲ್ಲದೆ ಇವತ್ತಿನ ರ್‍ಯಾಂಪು, ಲಿಫ್ಟು, ಕಾನೂನು ಯಾವುದೂ ಬರುತ್ತಿರಲಿಲ್ಲ, ಅದನ್ನು ಗೌರವದಿಂದಲೇ ಒಪ್ಪುತ್ತೇನೆ. ಆದರೆ ಬೆನ್ನುಹುರಿ ತುಂಡಾದವರ ವಾರ್ಡಿನಲ್ಲಿ ಒಂದು ವಾರ ಕೆಲಸ ಮಾಡಿದರೆ ಅದರ ಎಲ್ಲೆಯೂ ಕಾಣುತ್ತದೆ.

ಯಾದಗಿರಿ ಕಡೆಯ ಹುಡುಗನೊಬ್ಬ, ನಾಕಾದಲ್ಲಿ (ಕೂಲಿಯವರು ಕೆಲಸಕ್ಕೆ ಕಾಯುವ ಚೌಕ) ನಿಂತು ದಿನಗೂಲಿಗೆ ಹೋಗುತ್ತಿದ್ದವ, ಪರಾಂಚಿಯಿಂದ, ಅಂದರೆ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಅಟ್ಟಣಿಗೆಯಿಂದ, ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಅವನ ಅವ್ವನದು ಒಂದೇ ಮಾತು: "ಯವ್ವಾ, ನನ್ನ ಮಗ ನಡದಾಡಂಗ ಮಾಡ್ರಿ, ಸಾಕು." ಅದು ನಮ್ಮ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಅವನ ಚರ್ಮ ಮತ್ತು ಮೂತ್ರಪಿಂಡ ಉಳಿಸುವುದು. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಲಿಕುರ್ಚಿಯಲ್ಲಿ ಕೂತಾಗ ಹದಿನೈದು ಮೂವತ್ತು ನಿಮಿಷಕ್ಕೊಮ್ಮೆ ಕೈ ಊರಿ ಪೃಷ್ಠ ಎತ್ತಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯಬೇಕು. ನರವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ಘಟಕ ಶುರು ಮಾಡುವ ಮೊದಲು ಇಂಥವರಲ್ಲಿ ಹೆಚ್ಚಿನವರು ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಸಾಯುತ್ತಿದ್ದರು. ಗುಟ್‌ಮನ್ ಹಿಡಿದ ಮೊದಲ ಹಟವೇ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು. ಸಮಾಜ ಎಷ್ಟೇ ಒಳ್ಳೆಯದಾಗಲಿ, ಒತ್ತಡದ ಹುಣ್ಣು ತನ್ನಷ್ಟಕ್ಕೆ ಆಗದೆ ಇರುವುದಿಲ್ಲ.

ಹಾಗೆಂದು ಬರೀ ದೇಹವೂ ಅಲ್ಲ. ಹುಡುಗನ ಸಂಸಾರ ಝೋಪಡಪಟ್ಟಿಯ ಮೇಲಿನ ಕೋಣೆಯಲ್ಲಿತ್ತು, ಹತ್ತಲು ಕಬ್ಬಿಣದ ಏಣಿ. ಕೆಳಗಿನ ಕೋಣೆಗೆ ಬಂದರೆ ಡಿಪಾಜಿಟ್ ಹೆಚ್ಚು. ಸಾಲ ಮಾಡಿ ಬಂದರು. ಬಾಗಿಲಲ್ಲಿ ಒಂದಡಿ ಎತ್ತರದ ಮೆಟ್ಟಿಲು, ಮಳೆನೀರು ನುಗ್ಗಬಾರದೆಂದು ಕಟ್ಟಿದ್ದು. ರ್‍ಯಾಂಪಿನ ಲೆಕ್ಕ 1:12, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಗಲ್ಲಿಯ ಅಗಲವೇ ನಾಲ್ಕಡಿ. ಕೊನೆಗೆ ಅವನ ಹೆಂಡತಿಗೂ ಪಕ್ಕದ ಮನೆಯ ಹುಡುಗನಿಗೂ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಮೆಟ್ಟಿಲು ಇಳಿಸುವುದನ್ನು ಕಲಿಸಿದೆವು. ಒಳಗಿನ ಮೋರಿಯ, ಅಂದರೆ ಬಚ್ಚಲಿನ, ಬಾಗಿಲು ಕುರ್ಚಿಗಿಂತ ಒಂದಂಗುಲ ಕಿರಿದು. ಬಾಗಿಲನ್ನೇ ಕೀಲಿನಿಂದ ಕಳಚಿ ಪರದೆ ಕಟ್ಟಿದಾಗ ಆ ಅಂಗುಲ ಸಿಕ್ಕಿತು. ಇದು ನಮ್ಮ ಕಸುಬಿನ ಹಳೇ ಉಪಾಯ, ಖರ್ಚು ಪರದೆಯದ್ದು ಮಾತ್ರ. ಪುಣೆಯ ಖಡಕಿಯಲ್ಲಿ ಬೆನ್ನುಹುರಿ ಮುರಿದ ಸೈನಿಕರಿಗೆಂದೇ ಕೇಂದ್ರವಿದೆ. ನಾಕಾದ ಕೂಲಿಗೆ ಸಿಗುವುದು ಡಿಸ್ಚಾರ್ಜ್ ಕಾರ್ಡ್.

ಈಗ ದಾನದ ಮಾದರಿ, ಅಂದರೆ ಅಂಗವಿಕಲರನ್ನು ಬರೀ ಕರುಣೆಯಿಂದ ನೋಡುವುದು. ಇದರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹಬ್ಬದ ಹೊತ್ತಿಗೆ ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ, ಒಂದೇ ಅಳತೆಯ ಗಾಲಿಕುರ್ಚಿಗಳನ್ನು ಸಾಲಾಗಿ ಹಂಚುತ್ತಾರೆ. ನಲವತ್ತು ಕಿಲೋದ ಹುಡುಗಿಗೂ ತೊಂಬತ್ತು ಕಿಲೋದ ಗಂಡಸಿಗೂ ಅದೇ ಕುರ್ಚಿ. ಅಗಲ ಹೆಚ್ಚಾದರೆ ಒಂದು ಬದಿಗೆ ವಾಲಿ ಕೂತು ಬೆನ್ನು ಡೊಂಕಾಗುತ್ತದೆ. ದಿಂಬಿಲ್ಲದ ರೆಕ್ಸಿನ್ ಸೀಟಿನಲ್ಲಿ ಕೂತರೆ ಹುಣ್ಣು. ಫೋಟೋ ತೆಗೆದವರು ಆ ಹುಣ್ಣು ನೋಡಲು ಬರುವುದಿಲ್ಲ. ನಮ್ಮ ಹುಡುಗ ಇದನ್ನು ನನಗಿಂತ ಚೆನ್ನಾಗಿ ಹೇಳಿದ. ವಿಭಾಗದ ನುಣುಪು ನೆಲದ ಮೇಲೆ ಕುರ್ಚಿ ಓಡಿಸುತ್ತ, "ಅಕ್ಕಾರ, ಇಲ್ಲಿ ಛಲೋ ಓಡ್ತದ್ರಿ. ನಮ್ಮೂರ ಎರೀ ಮಣ್ಣಾಗ ಮಳಿ ಆದ್ರ ಹೆಂಗ್ರಿ?" ಎಂದ. ಮುಂದಿನ ಸಣ್ಣ ಗಾಲಿ ಎರೆಮಣ್ಣಲ್ಲಿ ಹೂತು ನಿಲ್ಲುತ್ತದೆ. ಊರಿಗೆ ಹೋಗಿ ಬರುವವನಾದ್ದರಿಂದ ಮುಂದೆ ಒಂದೇ ದೊಡ್ಡ ಗಾಲಿ ಇರುವ ಮೂರು ಗಾಲಿಯ ಕುರ್ಚಿ ಹುಡುಕಿಸಿದೆವು. ಈಗ ಅವನೇ ಮೊಬೈಲಿನಲ್ಲಿ ಆಳು ಹೊಂದಿಸಿ ಕಳಿಸುತ್ತಾನೆ. ನಾಕಾದ ಮಂದಿಯೆಲ್ಲ ಅವನಿಗೆ ಗೊತ್ತು.

ವೈಕಲ್ಯದ ಸರ್ಟಿಫಿಕೇಟಿನ ಶೇಕಡಾ ಲೆಕ್ಕದ ಬಗ್ಗೆಯೂ ಒಂದು ಮಾತು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರದ್ದು, ಒಳ್ಳೆಯ ಕಾಯ್ದೆ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯವಿತ್ತು, ಇದರಲ್ಲಿ 21. ದೀರ್ಘಕಾಲದ ಊನವು ಅಡೆತಡೆಗಳ ಜೊತೆ ಸೇರಿ ಸಮಾನ ಪಾಲ್ಗೊಳ್ಳುವಿಕೆಯನ್ನು ತಡೆಯುವುದೇ ವೈಕಲ್ಯ ಎಂಬ ಅರ್ಥದಲ್ಲಿ ವ್ಯಾಖ್ಯಾನವಿದೆ. ಆದರೆ ಸೌಲಭ್ಯಕ್ಕೆ ಬೇಕಾದ 40 ಶೇಕಡಾ ಅಳೆಯುವಾಗ ವೈದ್ಯರ ಮಂಡಳಿ ನೋಡುವುದು ದೇಹವನ್ನು. ಗಲ್ಲಿಯ ಅಗಲ ಆ ಲೆಕ್ಕಕ್ಕೆ ಬರುವುದಿಲ್ಲ. ಕೆಲಸದಲ್ಲಿ ಪೆಟ್ಟಾದವರ ಪರಿಹಾರದ ಕಾಯ್ದೆ ಇನ್ನೂ ಹಳೆಯದು, 2025ರವರೆಗೂ 1923ರದ್ದೇ ಇತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ 30 ಶೇಕಡಾ ಹೋಯಿತು ಎಂದು ಅದರ ಪಟ್ಟಿ ಹೇಳುತ್ತಿತ್ತು. ದರ್ಜಿಗೂ ವಾಚ್‌ಮನ್ನಿಗೂ ಅದೇ ಮೂವತ್ತು. ಲಕ್ಷಾಂತರ ಜನರಿಗೆ ಒಂದು ಗೆರೆ ಎಳೆಯಲೇಬೇಕಲ್ಲ, ಅದು ಅರ್ಥವಾಗುತ್ತದೆ. ಆದರೆ ಆ ಅಂಕಿಯನ್ನೇ ನಮ್ಮ ಫೈಲಿನಲ್ಲಿ ಗುರಿಯ ಜಾಗದಲ್ಲಿ ಬರೆಯಬೇಡಿ.

ಮನೆಯವರಿಗೆ ಒಂದು ಸೂಚನೆ, ಇದನ್ನು ಹೇಳದೆ ಬಿಡಲಾರೆ. ಪಾರ್ಶ್ವವಾಯು ಆದವರನ್ನು ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ. ಸುತ್ತಲಿನ ಸ್ನಾಯು ಸಡಿಲಾಗಿರುವುದರಿಂದ ಭುಜದ ಕೀಲು ಜಾರುತ್ತದೆ, ಆಮೇಲಿನ ನೋವು ತಿಂಗಳುಗಟ್ಟಲೆ ವ್ಯಾಯಾಮವನ್ನೇ ಕೆಡಿಸುತ್ತದೆ. ಸೊಂಟಕ್ಕೆ ಬೆಲ್ಟೋ ದಪ್ಪ ಶಾಲೋ ಕಟ್ಟಿ ಅದನ್ನು ಹಿಡಿಯಿರಿ. ಕೋಲು ಇರಬೇಕಾದ್ದು ಗಟ್ಟಿ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಇನ್ನು ನಮ್ಮ ಹೊಸಬರಿಗೆ. ಮುಂಬಯಿಯಲ್ಲಿ ಎಲ್ಲರ ಮನೆಗೂ ಹೋಗಿ ಬರಲು ಸಮಯ ಯಾರಿಗಿದೆ? ಡಿಸ್ಚಾರ್ಜಿಗೆ ಎರಡು ದಿನ ಮೊದಲೇ ಮನೆಯವರಿಂದ ವಾಟ್ಸಾಪಿನಲ್ಲಿ ವಿಡಿಯೋ ತರಿಸಿಕೊಳ್ಳಿ, ರಸ್ತೆಯಿಂದ ಶುರುವಾಗಿ ಶೌಚದವರೆಗೆ, ಎಲ್ಲೂ ನಿಲ್ಲಿಸದೆ. ಬಾಗಿಲಿಗೆ ಟೇಪು ಹಿಡಿದು ತೋರಿಸಲಿ. ದುಡಿಯುವ ಜಾಗದ್ದೂ ಒಂದು ಬೇಕು, ಗಿರಾಕಿ ತುಂಬಿರುವ ಹೊತ್ತಿನದ್ದೇ ಆಗಬೇಕು. ಮನೆಯವರು ನಿಮ್ಮ ಮೇಲಿನ ಮರ್ಯಾದೆಗೆ ಬಕೆಟು, ಚಪ್ಪಲಿ, ಗ್ಯಾಸ್ ಸಿಲಿಂಡರ್ ಎಲ್ಲ ಸರಿಸಿ ಚೊಕ್ಕ ಮಾಡಿ ವಿಡಿಯೋ ತೆಗೆಯುತ್ತಾರೆ. ಏನನ್ನೂ ಸರಿಸಬೇಡಿ, ಇದ್ದದ್ದು ಇದ್ದ ಹಾಗೆಯೇ ಇರಲಿ ಅಂತ ಮೊದಲೇ ಹೇಳಿಬಿಡಿ.