ಕೆಮ್ಮು ನಿಂತಿದೆಯಾ, ಇನ್ನೂ ಉಂಟಾ? ನರ್ಸ್‌ಗಳಿಗೆ ‘ಹ್ಯಾಸ್ ಬೀನ್’ ಹೇಳಿಕೊಡುವ ಕೆಲಸ

ವಿದೇಶಕ್ಕೆ ಹೊರಟ ನರ್ಸ್‌ಗಳಿಗೆ ಮಂಗಳೂರಿನಲ್ಲಿ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಅದಕ್ಕೆ ಮುಂಚೆ ನಾನೂ ವಾರ್ಡಿನಲ್ಲಿ ಡ್ಯೂಟಿ ಮಾಡಿದವಳೇ. ಕ್ಲಾಸಿಗೆ ಬರುವವರು ಐಸಿಯು, ಡಯಾಲಿಸಿಸ್, ಲೇಬರ್ ರೂಮ್‌ಗಳಲ್ಲಿ ವರ್ಷಗಟ್ಟಲೆ ದುಡಿದು ಪಳಗಿದವರು. ನೈಟ್ ಡ್ಯೂಟಿ ಮುಗಿಸಿ ನೇರ ಬಂದು ಕೂರುವವರೂ ಇದ್ದಾರೆ. ಇವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತೇನಿಲ್ಲ. ಕೇಸ್ ಶೀಟು, ರೌಂಡ್ಸು, ಫೋನು ಎಲ್ಲ ಕಡೆ ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹಾರ. ಆದರೂ ಒಂದು ಜಾಗದಲ್ಲಿ ಬಹುತೇಕ ಎಲ್ಲರ ಕಾಲೂ ತೊಡರುತ್ತದೆ. ಅದು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಟೆನ್ಸ್.

ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಹನ್ನೆರಡು ಟೆನ್ಸ್‌ಗಳ ಚಾರ್ಟು, ‘ಇಟ್ ಹ್ಯಾಸ್ ಬೀನ್ ರೈನಿಂಗ್ ಸಿನ್ಸ್ ಮಾರ್ನಿಂಗ್’ ಎಂಬ ಒಂದು ವಾಕ್ಯ, ಪಕ್ಕದಲ್ಲಿ ಸೂತ್ರ. ಸೂತ್ರ ಕೇಳಿದರೆ ಥಟ್ಟನೆ ಹೇಳುತ್ತಾರೆ. ಹ್ಯಾಂಡೋವರ್, ಅಂದರೆ ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಯ ವಿಷಯ ಒಪ್ಪಿಸುವ ಮಾತು, ಕೊಡುವಾಗ ಮಾತ್ರ ‘ಪೇಶೆಂಟ್ ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್’ ಎಂದೇ ಬಾಯಿಗೆ ಬರುತ್ತದೆ. ಸೂತ್ರವನ್ನು ಇನ್ನೂ ನೂರು ಸಲ ಬರೆಸಿದರೂ ಅದು ಬದಲಾಗುವುದಿಲ್ಲ ಎನ್ನುವುದು ನನ್ನ ಅನುಭವ. ಆಸ್ಪತ್ರೆಯಲ್ಲಿ ಈ ಟೆನ್ಸಿಗೆ ಏನು ಕೆಲಸ ಎಂದು ಕೇಸ್ ಶೀಟನ್ನೇ ಎದುರಿಗಿಟ್ಟು ತೋರಿಸಿದರೆ ಬದಲಾಗುತ್ತದೆ.

ಮೊದಲು ಕನ್ನಡದಲ್ಲೇ ನೋಡಿ. ‘ಮೂರು ದಿನದಿಂದ ಜ್ವರ ಬರ್ತಾ ಉಂಟು’ ಅಂದರೆ ನಮಗೆ ಎಲ್ಲ ಹೇಳಿದ ಹಾಗಾಯಿತು. ‘ಇಂದ’ ಎಂಬ ಒಂದೇ ಪ್ರತ್ಯಯ ‘ಸೋಮವಾರದಿಂದ’ ಅನ್ನುವುದಕ್ಕೂ ಸಾಕು, ‘ಮೂರು ದಿನದಿಂದ’ ಅನ್ನುವುದಕ್ಕೂ ಸಾಕು. ಕ್ರಿಯಾಪದ ವರ್ತಮಾನದಲ್ಲೇ ಹಾಯಾಗಿ ಇರುತ್ತದೆ. ಇಂಗ್ಲಿಷ್ ಈ ಎರಡೂ ಕಡೆ ಬೇರೆ ದಾರಿ ಹಿಡಿಯುತ್ತದೆ. ಶುರುವಾದ ಹೊತ್ತನ್ನು ಹೇಳಿದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2019, ಸಿನ್ಸ್ ದ ಸರ್ಜರಿ. ಎಷ್ಟು ಕಾಲ ಎಂದು ಅಳೆದು ಹೇಳಿದರೆ ಫಾರ್: ಫಾರ್ ತ್ರೀ ಡೇಸ್. ಯಾವುದನ್ನೇ ಹೇಳಿದರೂ, ಆಗ ಶುರುವಾದದ್ದು ಈಗಲೂ ನಡೆಯುತ್ತಿದ್ದರೆ ‘ಈಸ್’ ಸಾಲದು, ‘ಹ್ಯಾಸ್ ಬೀನ್’ ಬೇಕು.

ನಮ್ಮ ಊರಿನ ಓಪಿಡಿ ಚೀಟಿಗಳಲ್ಲೆಲ್ಲ ‘ಫೀವರ್ ಸಿನ್ಸ್ 3 ಡೇಸ್’ ಎಂದೇ ಇರುತ್ತದೆ, ದೊಡ್ಡ ಡಾಕ್ಟರುಗಳೂ ಹಾಗೇ ಬರೆಯುತ್ತಾರೆ. ‘ಅವರನ್ನೂ ತಿದ್ದಬೇಕಾ ಮೇಡಂ?’ ಎಂದು ಕ್ಲಾಸಿನವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಇಲ್ಲಿ ಬರೆಯುವವರಿಗೂ ಓದುವವರಿಗೂ ಅದರ ಅರ್ಥ ಒಂದೇ, ರೋಗಿಗೆ ಅದರಿಂದ ತೊಂದರೆ ಇಲ್ಲ. ಸಮುದ್ರ ದಾಟಿದ ಮೇಲೆ ಓದುವವರು ಬೇರೆ, ಅವರು ಟೆನ್ಸನ್ನೇ ನಂಬಿ ಅರ್ಥ ಮಾಡಿಕೊಳ್ಳುತ್ತಾರೆ. ಅಭ್ಯಾಸ ಆ ಜಾಗಕ್ಕೆ ತಕ್ಕಂತೆ ಆಗಬೇಕು.

ವಿದೇಶಕ್ಕೆ ಹೋಗಲಿಕ್ಕೆ ನನ್ನ ಕ್ಲಾಸಿನವರು ಬರೆಯುವ ಪರೀಕ್ಷೆ ಒಇಟಿ, ಅಂದರೆ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್. ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು, ನರ್ಸಿಂಗ್ ಸೇರಿ 12 ಆರೋಗ್ಯ ವೃತ್ತಿಗಳಿಗೆ ನಡೆಯುತ್ತದೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಕೇಳುವುದು ಓದು, ಆಲಿಸುವಿಕೆ, ಮಾತು ಮೂರರಲ್ಲೂ ಬಿ ಗ್ರೇಡ್, ಬರವಣಿಗೆಯಲ್ಲಿ ಕನಿಷ್ಠ ಸಿ ಪ್ಲಸ್. ಬರವಣಿಗೆ ಅಂದರೆ ಪ್ರಬಂಧ ಅಲ್ಲ, ಒಂದು ಪತ್ರ. 45 ನಿಮಿಷ, ಅದರಲ್ಲಿ ಮೊದಲ 5 ನಿಮಿಷ ಬರೀ ಓದಲಿಕ್ಕೆ. ರೋಗಿಯ ಕೇಸ್ ನೋಟ್ಸ್ ಕೊಡುತ್ತಾರೆ. ಅದರಿಂದ ಬೇಕಾದ್ದನ್ನು ಆರಿಸಿ 180ರಿಂದ 200 ಪದಗಳಲ್ಲಿ ಇನ್ನೊಬ್ಬ ಡಾಕ್ಟರಿಗೋ ಕಮ್ಯುನಿಟಿ ನರ್ಸಿಗೋ ಬರೆಯಬೇಕು. ಕೇಸ್ ನೋಟ್ಸಿನಲ್ಲಿ ಕ್ರಿಯಾಪದಗಳೇ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಬರೀ ತುಂಡು ಪದ, ಇಸವಿ, ಸಂಕ್ಷೇಪ. ಹಾಗಾಗಿ ಟೆನ್ಸ್ ಯಾವುದು ಎಂದು ತೀರ್ಮಾನಿಸುವ ಕೆಲಸ ಪೂರ್ತಿ ಬರೆಯುವವರ ತಲೆಗೇ ಬೀಳುತ್ತದೆ.

ಅಭ್ಯಾಸಕ್ಕೆ ನಾನೇ ಮಾಡಿಕೊಂಡ ಒಂದು ನೋಟ್ಸ್ ಹೀಗಿದೆ. 68 ವರ್ಷದ ಹೆಂಗಸು. ಒಣ ಕೆಮ್ಮು 3/52. ಡಯಾಬಿಟಿಸ್ 2009. ಅದಕ್ಕೆ ಮೆಟ್‌ಫಾರ್ಮಿನ್ 2009. ಬಿಪಿಗೆ ರಾಮಿಪ್ರಿಲ್, ಶುರು 6/52 ಹಿಂದೆ. ಸಿಗರೇಟು ದಿನಕ್ಕೆ 10, ಬಿಟ್ಟದ್ದು 2015. ಈ 3/52 ನೋಡಿ ಹೊಸಬರು ಗಾಬರಿಯಾಗುತ್ತಾರೆ. ಬ್ರಿಟನ್, ಆಸ್ಟ್ರೇಲಿಯಾದ ನೋಟ್ಸ್‌ಗಳಲ್ಲಿ ಕೆಳಗಿನ ಅಂಕಿ 7 ಇದ್ದರೆ ದಿನ, 52 ಇದ್ದರೆ ವಾರ, 12 ಇದ್ದರೆ ತಿಂಗಳು. 3/52 ಅಂದರೆ ಮೂರು ವಾರ.

ಇದನ್ನು ಒಬ್ಬರು ‘ಶಿ ಟುಕ್ ರಾಮಿಪ್ರಿಲ್ ಫಾರ್ ಸಿಕ್ಸ್ ವೀಕ್ಸ್’ ಎಂದು ಬರೆದರು ಅಂತಿಟ್ಟುಕೊಳ್ಳಿ. ಆರು ವಾರ ತೆಗೆದುಕೊಂಡರು, ಮುಗಿಯಿತು, ಈಗ ಆ ಮಾತ್ರೆ ಇಲ್ಲ ಎಂದೇ ಓದುವವರಿಗೆ ತಿಳಿಯುತ್ತದೆ. ‘ಶಿ ಹ್ಯಾಸ್ ಬೀನ್ ಟೇಕಿಂಗ್ ರಾಮಿಪ್ರಿಲ್ ಫಾರ್ ಸಿಕ್ಸ್ ವೀಕ್ಸ್ ಅಂಡ್ ಹ್ಯಾಸ್ ಬೀನ್ ಕಾಫಿಂಗ್ ಫಾರ್ ತ್ರೀ’ ಎಂದರೆ ಎರಡೂ ಇವತ್ತಿಗೂ ನಡೆಯುತ್ತಿವೆ, ಮಾತ್ರೆ ಶುರುವಾದ ಮೇಲೆ ಕೆಮ್ಮು ಶುರುವಾಗಿದೆ ಎಂಬುದು ಒಂದೇ ಸಾಲಿನಲ್ಲಿ ಸಿಕ್ಕಿತು. ರಾಮಿಪ್ರಿಲ್ ಗುಂಪಿನ ಬಿಪಿ ಮಾತ್ರೆಗಳಿಂದ ಒಣ ಕೆಮ್ಮು ಬರುವುದು ನರ್ಸ್‌ಗಳಿಗೆಲ್ಲ ಗೊತ್ತಿರುವ ವಿಷಯ. ಎರಡನೇ ವಾಕ್ಯ ಓದಿದ ಡಾಕ್ಟರು ಮಾತ್ರೆ ಬದಲಿಸುವ ಯೋಚನೆ ಮಾಡುತ್ತಾರೆ. ಮೊದಲನೆಯದನ್ನು ಓದಿದವರು ಕಾರಣವನ್ನು ಬೇರೆಲ್ಲೋ ಹುಡುಕಲಿಕ್ಕೆ ಹೊರಡುತ್ತಾರೆ. ಇಷ್ಟು ಹೇಳಿದ ಮೇಲೆ ಕ್ಲಾಸಿನಲ್ಲಿ ಮುಖಗಳೇ ಬದಲಾಗುತ್ತವೆ. ಅಲ್ಲಿಯವರೆಗೆ ಗ್ರಾಮರ್ ಆಗಿದ್ದದ್ದು ಈಗ ರೋಗಿಯ ವಿಷಯವಾಯಿತು. ಸಿಗರೇಟಿನ ಸಾಲು ಬಂದಾಗ ಅವರೇ ಹೇಳುತ್ತಾರೆ, ‘ಮೇಡಂ, ಅದು ಬಿಟ್ಟಾಯ್ತಲ್ಲ, ಸ್ಮೋಕ್ಡ್ ಅಂತಲೇ ಆಗಬೇಕು.’

ಎಣಿಕೆ ಬಂದಾಗ ನಮ್ಮ ಭಾಷೆಯೇ ಕೈ ಹಿಡಿಯುತ್ತದೆ. ‘ಬೆಳಗ್ಗಿಂದ ವಾಂತಿ ಮಾಡ್ತಾ ಇದ್ದಾರೆ’, ‘ಬೆಳಗ್ಗಿಂದ ನಾಲ್ಕು ಸಲ ವಾಂತಿ ಮಾಡಿದ್ದಾರೆ’. ಎಷ್ಟು ಸಲ ಎಂಬ ಲೆಕ್ಕ ಸೇರಿದ ಕೂಡಲೇ ಕನ್ನಡದಲ್ಲೂ ‘ಮಾಡ್ತಾ’ ಹೋಗಿ ‘ಮಾಡಿದ್ದಾರೆ’ ಬಂತು. ಇಂಗ್ಲಿಷಿನಲ್ಲೂ ಹಾಗೇ: ಹ್ಯಾಸ್ ಬೀನ್ ವಾಮಿಟಿಂಗ್ ಸಿನ್ಸ್ ದಿಸ್ ಮಾರ್ನಿಂಗ್, ಹ್ಯಾಸ್ ವಾಮಿಟೆಡ್ ಫೋರ್ ಟೈಮ್ಸ್. ರೋಗಿಯ ದೇಹಕ್ಕೆ ಹೋದದ್ದು, ಹೊರಬಂದದ್ದು ಎಷ್ಟೆಂದು ಬರೆದಿಡುವ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ನೋಡಿ ಹೇಳುವಾಗ ಎರಡನೆಯದೇ ಬೇಕು. ಇದನ್ನು ಕಲಿಸಲಿಕ್ಕೆ ನನಗೆ ಹೆಚ್ಚು ಹೊತ್ತು ಹಿಡಿದದ್ದೇ ಇಲ್ಲ.

‘ಹತ್ತು ವರ್ಷದಿಂದ ಶುಗರ್ ಉಂಟು’ ಎನ್ನುವುದು ಮಾತ್ರ ಬೇರೆ ಕಥೆ. ಕಾಯಿಲೆ ಇರುವುದು ನಡೆಯುವ ಕ್ರಿಯೆ ಅಲ್ಲ, ಒಂದು ಸ್ಥಿತಿ. ಅದಕ್ಕೆ ಕಾಫಿಂಗ್, ಟೇಕಿಂಗ್‌ಗಳ ಕೊನೆಯಲ್ಲಿರುವ ಐಎನ್‌ಜಿ ಸೇರುವುದಿಲ್ಲ, ‘ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್’ ಆಗಬೇಕು. ‘ಹ್ಯಾಸ್ ಹ್ಯಾಡ್’ ಎಂದು ಒಟ್ಟೊಟ್ಟಿಗೆ ಹೇಳಲಿಕ್ಕೆ ಎಲ್ಲರಿಗೂ ಮುಜುಗರ, ತಪ್ಪಿ ಎರಡು ಸಲ ಹೇಳಿದ ಹಾಗೆ ಕೇಳುತ್ತದೆ. ಗಟ್ಟಿಯಾಗಿ ಹೇಳಿ ಹೇಳಿಯೇ ಅದು ಹೋಗಬೇಕು. ಆದರೆ ಬಂದು ಬಂದು ಹೋಗುವ ತಲೆನೋವು, ಫಿಟ್ಸ್ ಇಂಥದ್ದಕ್ಕೆ ‘ಹ್ಯಾಸ್ ಬೀನ್ ಹ್ಯಾವಿಂಗ್’ ಸರಿಯೇ.

ಇನ್ನೊಂದು ಜಾಗದಲ್ಲಿ ನಾನು ಬಹಳ ಕಟ್ಟುನಿಟ್ಟು. ‘ದ ಪೇಶೆಂಟ್ ಹ್ಯಾಸ್ ಬೀನ್ ಟ್ರೀಟಿಂಗ್ ವಿತ್ ಆಂಟಿಬಯೋಟಿಕ್ಸ್’ ಎಂದು ಬರೆದರೆ ಚಿಕಿತ್ಸೆ ಕೊಡುತ್ತಿರುವುದು ರೋಗಿಯೇ ಆಗಿಬಿಡುತ್ತದೆ. ಐಎನ್‌ಜಿ ಕಲಿತ ಉತ್ಸಾಹದಲ್ಲಿ ಈ ವಾಕ್ಯ ಹೆಚ್ಚು ಬರುತ್ತದೆ. ಇದಕ್ಕೆ ಸುಲಭದ ದಾರಿ ಉಂಟು: ‘ಹ್ಯಾಸ್ ಬೀನ್ ಆನ್ ಆಂಟಿಬಯೋಟಿಕ್ಸ್ ಫಾರ್ ತ್ರೀ ಡೇಸ್.’ ಆಕ್ಸಿಜನ್ನಿಗೂ ಇನ್ಸುಲಿನ್ನಿಗೂ ಡಯಾಲಿಸಿಸ್ಸಿಗೂ ಈ ‘ಆನ್’ ನಡೆಯುತ್ತದೆ. ಇಂಗ್ಲಿಷ್ ಮಾತೃಭಾಷೆಯ ನರ್ಸ್‌ಗಳು ವಾರ್ಡಿನಲ್ಲಿ ಆಡುವುದೂ ಹೀಗೆಯೇ.

ಪರೀಕ್ಷೆಯ ಮಾತಿನ ಭಾಗದಲ್ಲಿ ಎರಡು ರೋಲ್ ಪ್ಲೇ, ಸುಮಾರು ಐದೈದು ನಿಮಿಷ. ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ಮನೆಯವರು. ಅಲ್ಲಿ ಈ ಟೆನ್ಸ್ ಪ್ರಶ್ನೆಯಾಗಿ ಬರುತ್ತದೆ. ‘ಹ್ಯಾವ್ ಯೂ ಟೇಕನ್ ಯುವರ್ ಟ್ಯಾಬ್ಲೆಟ್ಸ್?’ ಅಂದರೆ ಇವತ್ತಿನ ಮಾತ್ರೆ ಆಯಿತಾ ಎಂದು. ‘ಹ್ಯಾವ್ ಯೂ ಬೀನ್ ಟೇಕಿಂಗ್ ಯುವರ್ ಟ್ಯಾಬ್ಲೆಟ್ಸ್?’ ಅಂದರೆ ಇತ್ತೀಚೆಗೆ ತಪ್ಪದೆ ತೆಗೆದುಕೊಳ್ಳುತ್ತಾ ಬಂದಿದ್ದೀರಾ ಎಂದು. ಬಿಪಿ ಹತೋಟಿಗೆ ಬಾರದ ರೋಗಿಗೆ ಕೇಳಬೇಕಾದದ್ದು ಎರಡನೆಯದು. ಅದೇ ಟೆನ್ಸಿನಲ್ಲಿ ‘ಹ್ಯಾವ್ ಯೂ ಬೀನ್ ಡ್ರಿಂಕಿಂಗ್?’ ಎಂದು ಕೇಳಿದರೆ ಮಾತ್ರ ‘ಈಗ ಕುಡಿದು ಬಂದಿದ್ದೀರಾ’ ಎಂದು ಗದರಿದ ಹಾಗಾಗುತ್ತದೆ, ಯಾಕೆಂದರೆ ಈಗಷ್ಟೇ ಮುಗಿದು ಗುರುತು ಉಳಿಸಿಹೋದ ಕೆಲಸಕ್ಕೂ ಇದೇ ಟೆನ್ಸ್. ಕುಡಿತದ ಅಭ್ಯಾಸ ವಿಚಾರಿಸಲಿಕ್ಕೆ ‘ಡು ಯೂ ಡ್ರಿಂಕ್ ಆಲ್ಕೊಹಾಲ್?’ ಎಂಬ ಸಾದಾ ಪ್ರಶ್ನೆಯೇ ಮರ್ಯಾದೆಯದ್ದು. ಈ ವ್ಯತ್ಯಾಸ ಯಾವ ಚಾರ್ಟಿನಲ್ಲೂ ಇರುವುದಿಲ್ಲ. ರೋಗಿಯ ಮನಸ್ಸು ನೋಯಿಸಬಾರದೆನ್ನುವ ನರ್ಸಿಗೆ ಇದು ಗೊತ್ತಿರಲೇಬೇಕು.

ಕೇಳಿಸಿಕೊಳ್ಳುವುದು ಕೊನೆಗೂ ಕಷ್ಟವಾಗಿಯೇ ಉಳಿಯುತ್ತದೆ. ಪುಸ್ತಕದ ‘ಹಿ ಹ್ಯಾಸ್ ಬೀನ್’ ಅಲ್ಲಿನವರ ಬಾಯಲ್ಲಿ ‘ಹೀಸ್ ಬಿನ್’ ಆಗುತ್ತದೆ. ನಮ್ಮ ಕಿವಿ ಅದನ್ನು ‘ಹೀಸ್ ಬೀಯಿಂಗ್’ ಎಂದು ಹಿಡಿದರೆ ವಿಷಯವೇ ತಿರುಗಿಬಿಡುತ್ತದೆ. ‘ಹೀಸ್ ಬಿನ್ ಡಿಸ್ಚಾರ್ಜ್ಡ್’ ಅಂದರೆ ಡಿಸ್ಚಾರ್ಜ್ ಆಗಿದೆ. ‘ಹೀಸ್ ಬೀಯಿಂಗ್ ಡಿಸ್ಚಾರ್ಜ್ಡ್’ ಅಂದರೆ ಇನ್ನೂ ಆಗುತ್ತಾ ಇದೆ, ರೋಗಿ ಹಾಸಿಗೆಯಲ್ಲೇ ಇರಬಹುದು, ಮಧ್ಯಾಹ್ನದ ಡೋಸ್ ಕೊಡುವುದು ಬಾಕಿ ಇರಬಹುದು. ಇದಕ್ಕಾಗಿ ಕ್ಲಾಸಿನ ಕೊನೆಯಲ್ಲಿ ಒಂದಷ್ಟು ಹೊತ್ತು ಹ್ಯಾಂಡೋವರ್ ವಾಕ್ಯಗಳನ್ನು ಬೇಗ ಬೇಗ ಓದುತ್ತೇನೆ. ಅವರು ವಾಕ್ಯ ಬರೆಯಬೇಕಾಗಿಲ್ಲ. ಒಂದೊಂದಕ್ಕೂ ‘ಆಗಿದೆ’, ‘ಆಗ್ತಾ ಉಂಟು’, ‘ನಿಂತಿದೆ’ ಎಂಬ ಮೂರರಲ್ಲಿ ಒಂದನ್ನು ಕನ್ನಡದಲ್ಲೇ ಗುರುತು ಹಾಕಿದರೆ ಸಾಕು. ಹೆಚ್ಚು ತಪ್ಪಾದ ವಾಕ್ಯಗಳನ್ನು ಮರುದಿನ ಇನ್ನೂ ಸ್ವಲ್ಪ ಬೇಗ ಓದುತ್ತೇನೆ.