ಜಿಯೋಜಿಬ್ರಾ ಮತ್ತು ಗಣಿತ ಶಿಕ್ಷಕರ ತರಬೇತಿ

ಗಣಿತ ಶಿಕ್ಷಕರ ತರಬೇತಿಯಲ್ಲಿ, ಗಣಿತದ ಚಿತ್ರಗಳನ್ನು ಪರದೆಯ ಮೇಲೆ ಬರೆಯಲು ಬಳಸುವ ಜಿಯೋಜಿಬ್ರಾ ತಂತ್ರಾಂಶದ ಗುಂಡಿಗಳನ್ನು ಪರಿಚಯಿಸುವುದರಲ್ಲೇ ದಿನ ಕಳೆದುಹೋಗುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರೂಪಿಸಲು ತೊಡಗಿದ ಈ ತಂತ್ರಾಂಶದ ನಿಜವಾದ ಶಕ್ತಿ ಇರುವುದು ಬರೆದ ಚಿತ್ರವನ್ನು ಎಳೆದು, ಸರಿಸಿ ನೋಡುವುದರಲ್ಲಿ.

ವೃತ್ತದ ಮೇಲಿನ ಒಂದು ಬಿಂದುವನ್ನು ವ್ಯಾಸದ ಎರಡು ತುದಿಗಳಿಗೆ ಸೇರಿಸಿ, ಆ ಬಿಂದುವನ್ನು ಅರ್ಧವೃತ್ತದುದ್ದಕ್ಕೂ ಸರಿಸಿದರೆ, ತ್ರಿಭುಜದ ಬಾಹುಗಳ ಉದ್ದ ಬದಲಾಗುತ್ತಲೇ ಇದ್ದರೂ ಆ ಬಿಂದುವಿನಲ್ಲಿನ ಕೋನ ಮಾತ್ರ 90 ಡಿಗ್ರಿಯಲ್ಲೇ ನಿಲ್ಲುತ್ತದೆ. ಇಲ್ಲಿ ಶಿಕ್ಷಕರು ಕೈ ತಡೆದು ‘ಏಕೆ ಹೀಗೆ?’ ಎಂದು ಕೇಳಬೇಕು. ಕೇಂದ್ರದಿಂದ ಆ ಬಿಂದುವಿಗೆ ತ್ರಿಜ್ಯವನ್ನೆಳೆದಾಗ ದೊರೆಯುವ ಎರಡು ಸಮದ್ವಿಬಾಹು ತ್ರಿಭುಜಗಳತ್ತ ಮಕ್ಕಳ ಗಮನವನ್ನು ಸೆಳೆಯಬೇಕು. ಪರದೆಯ ಮೇಲೆ ಕಂಡದ್ದು ಊಹೆಗಷ್ಟೇ ಆಧಾರ, ಅದರ ರುಜುವಾತನ್ನು ತರ್ಕದಿಂದಲೇ ಕಟ್ಟಬೇಕು ಎಂಬ ಅರಿವು ಮೊದಲು ಶಿಕ್ಷಕರಲ್ಲಿಯೇ ಗಟ್ಟಿಯಾಗಬೇಕು.

ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮವು ಜಿಯೋಜಿಬ್ರಾದಂತಹ ಮುಕ್ತ ತಂತ್ರಾಂಶಗಳನ್ನು ಆಯ್ದುಕೊಂಡಿತು. ಕಲಿತ ಸಾಧನವನ್ನು ಖರ್ಚಿಲ್ಲದೆ ಮನೆಗೂ ಶಾಲೆಗೂ ಒಯ್ಯಲು ಅನುವು ಮಾಡಿದ ಆ ಆಯ್ಕೆ ಅತ್ಯಂತ ಸರಿಯಾದುದೆಂದು ನಾನು ಭಾವಿಸುತ್ತೇನೆ. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲಿ ಶಿಕ್ಷಕರ ಮೊಬೈಲನ್ನೇ ಗುಂಪಿನಿಂದ ಗುಂಪಿಗೆ ಕೊಟ್ಟು, ಬಿಂದುವನ್ನು ಮಕ್ಕಳಿಂದಲೇ ಸರಿಸಿಸುವ ಕ್ರಮವನ್ನೂ ತರಬೇತಿಯಲ್ಲೇ ಅಭ್ಯಾಸ ಮಾಡಿಸಬೇಕು.