ಹಳೆಯ ಟರ್ಮಿನಲ್ ಅನ್ನು ಗುಜರಿಗೆ ಏಕೆ ಹಾಕುವುದಿಲ್ಲ?

ರಾಯಚೂರಿನ ನಮ್ಮ ಮನೆಗೆ ಬಂದವರೆಲ್ಲ ನನ್ನ ಮೇಜಿನ ಮೇಲಿರುವ ವಿಟಿ220 ಟರ್ಮಿನಲ್ ನೋಡಿ, "ಇದರಲ್ಲಿ ಇಂಟರ್‌ನೆಟ್ ಇಲ್ಲ, ಚಿತ್ರವೂ ಮೂಡುವುದಿಲ್ಲ, ಇನ್ನೂ ಏಕೆ ಇಟ್ಟುಕೊಂಡಿದ್ದೀರಿ?" ಎಂದು ಕೇಳುತ್ತಾರೆ. ಇದನ್ನು ಹಳೆಯ ಕಂಪ್ಯೂಟರ್ ಎಂದು ತಿಳಿದವರಿಗೆ ಈ ಪ್ರಶ್ನೆ ಸಹಜ. ಆದರೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲಿ ಹೊರತಂದ ಈ ಯಂತ್ರ ಕಂಪ್ಯೂಟರೇ ಅಲ್ಲ. ಬೇರೊಂದು ಯಂತ್ರದಿಂದ ಸೀರಿಯಲ್ ತಂತಿಯಲ್ಲಿ (ಒಂದರ ಹಿಂದೊಂದು ಬಿಟ್‌ನಂತೆ ಮಾಹಿತಿ ಸಾಗಿಸುವ ತಂತಿ) ಬಂದ ಅಕ್ಷರಗಳನ್ನು ಸಾಲಿಗೆ 80ರಂತೆ 24 ಸಾಲುಗಳಲ್ಲಿ ತೋರಿಸುವುದು, ನಾವು ಒತ್ತಿದ ಕೀಲಿಯನ್ನು ಅತ್ತ ಕಳುಹಿಸುವುದು, ಇಷ್ಟೇ ಅದರ ಕೆಲಸ. ಆರ್‌ಎಸ್-232 ಎಂಬ ಈ ಸೀರಿಯಲ್ ಸಂಪರ್ಕವಿರುವ ಯಂತ್ರಗಳು ಎಲ್ಲಿಯವರೆಗೆ ಇರುತ್ತವೆಯೋ ಅಲ್ಲಿಯವರೆಗೆ ಈ ಕೆಲಸಕ್ಕೆ ಬರ ಬರುವುದಿಲ್ಲ.

ಅಂಥ ಯಂತ್ರಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಭಾಗದ ಹತ್ತಿ ಮತ್ತು ಅಕ್ಕಿ ಮಿಲ್ಲುಗಳಲ್ಲಿ ಲಾರಿ ತೂಗುವ ವೇಬ್ರಿಜ್‌ನ ಇಂಡಿಕೇಟರ್‌ಗಳಿಗೆ (ತೂಕ ತೋರಿಸುವ ಪೆಟ್ಟಿಗೆಗಳಿಗೆ) ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಇರುತ್ತದೆ. ಪರಿಚಿತರ ಮಿಲ್ಲಿನಲ್ಲಿ ನಾನು ಎಳೆದದ್ದು ಎರಡೇ ತಂತಿ: ಇಂಡಿಕೇಟರ್ ಕಳುಹಿಸುವ ಪಿನ್ನಿನಿಂದ ಟರ್ಮಿನಲ್‌ನ 25 ಪಿನ್ ಕನೆಕ್ಟರಿನ 3ನೇ ಪಿನ್ನಿಗೆ ಒಂದು, ಗ್ರೌಂಡ್‌ನಿಂದ 7ನೇ ಪಿನ್ನಿಗೆ ಇನ್ನೊಂದು. ಮೊದಲು ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಸುರಿದವು. ಇಂಡಿಕೇಟರ್ 2400 ಬಾಡ್ (ಇಲ್ಲಿ ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಕಳುಹಿಸುತ್ತಿತ್ತು, ಟರ್ಮಿನಲ್ 9600ಕ್ಕೆ ಕಾದು ಕುಳಿತಿತ್ತು. ಎಫ್3 ಒತ್ತಿ ಸೆಟ್‌ಅಪ್‌ನಲ್ಲಿ ವೇಗವನ್ನು ಬದಲಿಸಿದೊಡನೆ, ಲಾರಿ ಹಲಗೆಯನ್ನು ಏರುತ್ತಿದ್ದಂತೆಯೇ ಕಿಲೋಗಳು ಏರುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣಿಸಿತು. ಆಪರೇಟಿಂಗ್ ಸಿಸ್ಟಮ್ ಇಲ್ಲದ ಕಾರಣ ಅಲ್ಲಿ ವೈರಸ್ಸಿನ ಭಯವೂ ಇಲ್ಲ, ಅಪ್‌ಡೇಟ್‌ಗಾಗಿ ಕಾಯುವುದೂ ಇಲ್ಲ. ಅಂಕಿಗಳು ದಿನವಿಡೀ ಒಂದೇ ಜಾಗದಲ್ಲಿ ನಿಂತರೆ ಪರದೆಯ ಹೊಳೆಯುವ ಲೇಪದ ಮೇಲೆ ಅವುಗಳ ಗುರುತು ಉಳಿದುಬಿಡುವುದರಿಂದ ಬ್ರೈಟ್‌ನೆಸ್ ಮಾತ್ರ ಕಡಿಮೆ ಇಡಬೇಕು.

ಮನೆಯಲ್ಲಿ ನಾನು ಇದನ್ನು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮೂಲಕ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಅಲ್ಲಿ ಸೀರಿಯಲ್ ಲಾಗಿನ್ ಸೇವೆಯನ್ನು ಚಾಲೂ ಮಾಡಿ, ಟರ್ಮಿನಲ್ ಬಗೆಯನ್ನು ವಿಟಿ220 ಎಂದು ಹೇಳಿದರೆ ಸಾಕು. ಕನ್ನಡ ಮಾತ್ರ ಮೂಡುವುದಿಲ್ಲ, ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಬಿಚ್ಚಿ ನೋಡುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ: ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಟಿವಿ ರಿಪೇರಿ ಬಲ್ಲವರ ಕೈಯಲ್ಲಿಯೇ ಆ ಕೆಲಸ ಮಾಡಿಸಿರಿ. ಗುಜರಿ ಅಂಗಡಿಯಲ್ಲಿ ಇಂಥ ಟರ್ಮಿನಲ್ ಕಂಡರೆ ಅದರ ಕೀಬೋರ್ಡನ್ನೂ ಅಲ್ಲಿಯೇ ಹುಡುಕಿಸಿರಿ. ಇಂದಿನ ಕೀಬೋರ್ಡ್ ಅದಕ್ಕೆ ನೇರವಾಗಿ ಹೊಂದುವುದಿಲ್ಲ, ಕೀಬೋರ್ಡ್ ಇಲ್ಲದಿದ್ದರೆ ಸೆಟ್‌ಅಪ್ ತೆರೆದು ವೇಗ ಬದಲಿಸುವುದೂ ಸಾಧ್ಯವಿಲ್ಲ.